22 ತಿಂಗಳಾದರೂ ಬೆದೆಗೆ ಬಾರದ ಕಡಸು: ಮೊದಲು ಏನು ನೋಡಬೇಕು?

ಹೈನು_ಹಾಸನ
ಈ ಪ್ರಶ್ನೆ ವೇದಿಕೆಯಲ್ಲಿ ವಾರಕ್ಕೊಮ್ಮೆ ಬರುತ್ತಿದೆ. ಬಿಡಿ ಬಿಡಿಯಾಗಿ ಉತ್ತರ ಕೊಡೋ ಬದಲು ಎಲ್ಲ ಒಂದೇ ಕಡೆ ಇರಲಿ ಅಂತ ಈ ಚರ್ಚೆ ತೆರೆದಿದ್ದೇನೆ. ಉದಾಹರಣೆಗೆ ಒಂದು ಕಡಸು ಇಟ್ಕೊಳ್ಳೋಣ. ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಕ್ರಾಸ್, 22 ತಿಂಗಳು. ಎದೆ ಸುತ್ತಳತೆ 55 ಇಂಚು, ಉದ್ದ 46 ಇಂಚು. ರಾಗಿ ಹುಲ್ಲು, ಬದುವಿನ ಹುಲ್ಲು, ದಿನಕ್ಕೆ ಅರ್ಧ ಕೆಜಿ ಬೂಸಾ ಹಾಕ್ತಿದ್ದಾರೆ. ಬೆದೆ ಕಂಡಿಲ್ಲ. ಎಲ್ಲಿಂದ ಶುರು ಮಾಡಬೇಕು? ಲೆಕ್ಕ ಸಮೇತ ಬರೀರಿ. "ಡಾಕ್ಟರಿಗೆ ತೋರಿಸಿ" ಅನ್ನೋ ಒಂದು ಸಾಲಿನ ಉತ್ತರ ಬೇಡ.

ಪಶುವೈದ್ಯೆ_ಮಂಡ್ಯ
ಟೇಪಿನಿಂದ ಶುರು ಮಾಡಬೇಕು ಸರ್. ಎದೆ ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಕೆಜಿ ಬರುತ್ತದೆ. ಅಳತೆ ಎಲ್ಲಾ ಇಂಚಿನಲ್ಲೇ ಇರಬೇಕು. ನಿಮ್ಮ ಲೆಕ್ಕ: 55 × 55 × 46 ÷ 660 = ಸುಮಾರು 211 ಕೆಜಿ.

ಈಗ ಅದರ ತಾಯಿ ಎಷ್ಟು ತೂಗುತ್ತೆ ಅಂತ ಕೇಳಿ. ಸೀಮೆ ಹಸುವಿನ ಕಡಸು ಪೂರ್ತಿ ಬೆಳೆದಾಗಿನ ತೂಕದ ಹೆಚ್ಚುಕಡಿಮೆ ನೂರಕ್ಕೆ 45ರಿಂದ 50 ಭಾಗ ಮುಟ್ಟಿದಾಗ ಮೊದಲ ಬೆದೆಗೆ ಬರುತ್ತೆ. ಸೆಮೆನ್ ಕೊಡಿಸಲು (ಕೃತಕ ಗರ್ಭಧಾರಣೆಗೆ) 60 ಭಾಗ ಆಗಿರಬೇಕು. ತಾಯಿ 420 ಕೆಜಿ ಇದ್ದರೆ ಮೊದಲ ಬೆದೆ 190-210 ಕೆಜಿಗೆ, ಗಬ್ಬ ಕಟ್ಟಿಸೋದು 250ಕ್ಕೆ. ತಾಯಿ 480 ಕೆಜಿಯ ದೊಡ್ಡ ಆಳು ಆಗಿದ್ದರೆ ಬೆದೆಯೇ 216-240ಕ್ಕೆ ಬರುತ್ತೆ, ಸೆಮೆನ್‌ಗೆ 288 ಬೇಕು. ಅಂದರೆ ಇದೇ 211 ಕೆಜಿ ಕಡಸು ಒಂದು ಮನೆಯಲ್ಲಿ ಹೊಸ್ತಿಲ ಮೇಲಿದೆ, ಇನ್ನೊಂದು ಮನೆಯಲ್ಲಿ ಇನ್ನೂ ಅಂಗಳದಲ್ಲಿದೆ.

22 ತಿಂಗಳು ಅಂದರೆ ಸುಮಾರು 660 ದಿನ. ಹುಟ್ಟಿದಾಗ 28 ಕೆಜಿ ಇತ್ತು ಅಂದುಕೊಂಡರೆ ದಿನಕ್ಕೆ 280 ಗ್ರಾಂ ಕೂಡ ಬೆಳೆದಿಲ್ಲ. 15 ತಿಂಗಳಿಗೆ 250 ಕೆಜಿ ಮಾಡಬೇಕು ಅಂದರೆ ದಿನಕ್ಕೆ 490 ಗ್ರಾಂ ಬೆಳೀಬೇಕು. ಇದಕ್ಕೆ ರೋಗ ಅಂತ ಹೆಸರಿಡೋ ಮೊದಲು ಹಸಿವು ಅಂತ ಹೆಸರಿಡಿ. ಗೊಡ್ಡು ಅಂತ ಸಂತೆಗೆ ಹೊಡೆಯೋ ಕಡಸನ್ನು ಒಮ್ಮೆಯಾದರೂ ಟೇಪಿನಲ್ಲಿ ಅಳೆಯದೆ ಹೊಡೆಯಬೇಡಿ ಅನ್ನೋದು ನನ್ನ ಕಳಕಳಿಯ ಮಾತು.

ಮೇವು_ಲೆಕ್ಕ
ಟೇಪು ಹಿಡಿಯೋದರಲ್ಲೇ ತಪ್ಪಾಗುತ್ತೆ, ಅದನ್ನೂ ಹೇಳಿಬಿಡ್ತೀನಿ. ಸುತ್ತಳತೆ ಮುಂಗಾಲಿನ ಹಿಂದೆ, ಮೊಣಕೈ ಒತ್ತಿಗೆ. ಹೊಟ್ಟೆ ಕಡೆ ಜಾರಿದರೆ ನಾಲ್ಕು ಇಂಚು ಜಾಸ್ತಿ ತೋರಿಸುತ್ತೆ, ಲೆಕ್ಕದಲ್ಲಿ 30 ಕೆಜಿ ಪುಕ್ಕಟೆ ಬರುತ್ತೆ. ಉದ್ದ ಅಂದರೆ ಭುಜದ ಮುಂದಿನ ಮೂಳೆಯಿಂದ ಬಾಲದ ಪಕ್ಕದ ಪೃಷ್ಠದ ಮೂಳೆವರೆಗೆ, ನೇರ. ಬೆನ್ನ ಮೇಲೆ ಕೊಂಬಿನಿಂದ ಬಾಲದವರೆಗೆ ಅಳೆಯೋರೂ ಇದ್ದಾರೆ, ಅದು ಬೇಡ. ಬೆಳಿಗ್ಗೆ ಮೇವು ನೀರು ಕೊಡೋ ಮೊದಲು, ನಾಲ್ಕೂ ಕಾಲು ಸಮ ನಿಂತಿರುವಾಗ ಅಳೆಯಿರಿ. ತಿಂಗಳಿಗೊಮ್ಮೆ, ಅದೇ ಕೈ, ಅದೇ ಟೇಪು. ಒಂದು ಅಳತೆಗಿಂತ ಎರಡು ಅಳತೆ ನಡುವಿನ ವ್ಯತ್ಯಾಸವೇ ಮುಖ್ಯ.

ಹೈನು_ಹಾಸನ
ಮೇಡಂ, ತೂಕ ಬಂದರೆ ಬೆದೆ ಬರುತ್ತೆ ಅಂತೀರಿ. ತೂಕಕ್ಕೂ ಗರ್ಭಕೋಶಕ್ಕೂ ಏನು ಸಂಬಂಧ? ಮೈಯಿಗೆ ತನ್ನ ತೂಕ ಹೇಗೆ ಗೊತ್ತಾಗುತ್ತೆ?

ಪಶುವೈದ್ಯೆ_ಮಂಡ್ಯ
ಸಂಗತಿ ಶುರುವಾಗೋದು ಗರ್ಭಕೋಶದಲ್ಲಲ್ಲ, ಮಿದುಳಿನ ಬುಡದಲ್ಲಿರುವ ಹೈಪೊಥಲಾಮಸ್‌ನಲ್ಲಿ. ಅಲ್ಲಿಂದ ಜಿಎನ್‌ಆರ್‌ಎಚ್ ಅನ್ನೋ ಹಾರ್ಮೋನು ಮಿಡಿತ ಮಿಡಿತವಾಗಿ ಬರುತ್ತೆ. ಅದರಿಂದ ಪಿಟ್ಯುಟರಿ ಗ್ರಂಥಿ ಎಲ್‌ಎಚ್ ಬಿಡುತ್ತೆ, ಎಲ್‌ಎಚ್‌ನಿಂದ ಅಂಡಾಶಯದಲ್ಲಿ ಅಂಡಾಣು ಇರೋ ಗುಳ್ಳೆ ಬಲಿಯುತ್ತೆ. ಎಳೆ ಕಡಸಿನಲ್ಲಿ ಈ ಯಂತ್ರ ಪೂರ್ತಿ ತಯಾರಿರುತ್ತೆ, ಆದರೆ ಬ್ರೇಕ್ ಬಿದ್ದಿರುತ್ತೆ. ಅಂಡಾಶಯದಿಂದ ಚೂರೇ ಚೂರು ಈಸ್ಟ್ರೋಜನ್ ಬಂದರೂ ಮಿದುಳು ಎಲ್‌ಎಚ್ ಮಿಡಿತವನ್ನು ತಡೆಹಿಡಿಯುತ್ತೆ. ಪ್ರಾಯ ಹತ್ತಿರ ಬಂದಂತೆ ಆ ತಡೆ ಸಡಿಲವಾಗಿ ಮಿಡಿತ ತಾಸಿಗೊಂದರಂತೆ ಆಗುತ್ತೆ. ಆಗ ಗುಳ್ಳೆ ಒಡೆಯೋವರೆಗೂ ಬೆಳೆಯುತ್ತೆ.

ಬ್ರೇಕ್ ಬಿಡಿಸೋದು ಯಾವುದು? ಮೈಯಲ್ಲಿನ ಕೊಬ್ಬಿನಿಂದ ಬರುವ ಲೆಪ್ಟಿನ್, ಯಕೃತ್ತಿನಿಂದ ಬರುವ ಐಜಿಎಫ್-1, ರಕ್ತದ ಇನ್ಸುಲಿನ್, ಗ್ಲುಕೋಸ್. "ಮನೆಯಲ್ಲಿ ದವಸ ಇದೆ" ಅನ್ನೋ ಸುದ್ದಿಯನ್ನು ಮಿದುಳಿಗೆ ಮುಟ್ಟಿಸೋದು ಇವೇ. ಲೆಪ್ಟಿನ್ ಪತ್ತೆಯಾಗಿದ್ದು 1994ರಲ್ಲಿ. ಅದಿಲ್ಲದೆ ಹುಟ್ಟುವ ಇಲಿ ಬಂಜೆಯಾಗುತ್ತೆ, ಲೆಪ್ಟಿನ್ ಕೊಟ್ಟರೆ ಫಲವಂತವಾಗುತ್ತೆ. ಸುದ್ದಿ ಕೇಳಿಸಿಕೊಂಡು ಜಿಎನ್‌ಆರ್‌ಎಚ್ ನರಕೋಶಗಳನ್ನು ಎಬ್ಬಿಸೋದು ಕಿಸ್‌ಪೆಪ್ಟಿನ್ ಅನ್ನೋ ಇನ್ನೊಂದು ಪ್ರೋಟೀನು. ಅದರ ಗ್ರಾಹಕ ಕೆಟ್ಟಿದ್ದರೆ ಮನುಷ್ಯರಾಗಲಿ ಇಲಿಯಾಗಲಿ ಪ್ರಾಯಕ್ಕೇ ಬರಲ್ಲ ಅಂತ ಗೊತ್ತಾಗಿದ್ದು 2003ರಲ್ಲಿ. ಆ ಹೆಸರು ಬಂದಿದ್ದು ಅಮೆರಿಕದ ಹರ್ಷೀಸ್ ಕಿಸಸ್ ಅನ್ನೋ ಚಾಕಲೇಟಿನಿಂದ. ವಂಶವಾಹಿ ಪತ್ತೆಯಾದ ಊರು ಅದೇ ಹರ್ಷಿ.

ಹಾಗಾಗಿ ಸೊರಗಿದ ಕಡಸು ಬೆದೆಗೆ ಬರದೇ ಇರೋದು ಕೆಡುಕಲ್ಲ, ದೇಹ ತನ್ನನ್ನು ಉಳಿಸಿಕೊಳ್ಳೋ ರೀತಿ. ಹೊಟ್ಟೆಯಲ್ಲೊಂದು ಕರು ಸಾಕೋ ಶಕ್ತಿ ಇಲ್ಲ ಅಂತ ಅದಕ್ಕೆ ಗೊತ್ತು.

ಮೇವು_ಲೆಕ್ಕ
ಹಾಗಾದರೆ ಈ 211 ಕೆಜಿಯ ಕಡಸಿಗೆ ಏನು ಹಾಕಬೇಕು, ನೋಡೋಣ. ಒಣ ಅಂಶದ (ಮೇವಿನಲ್ಲಿ ನೀರು ಬಿಟ್ಟು ಉಳಿಯೋದು) ಲೆಕ್ಕದಲ್ಲಿ ಮೈತೂಕದ ನೂರಕ್ಕೆ 2.5ರಿಂದ 3 ಭಾಗ, ಅಂದರೆ ದಿನಕ್ಕೆ ಆರು ಕೆಜಿ ಹತ್ತಿರ.

ಸೂಪರ್ ನೇಪಿಯರ್ ಹಸಿರು ಮೇವು 12 ಕೆಜಿ ಹಾಕಿದರೆ ಅದರಲ್ಲಿ ಒಣ ಅಂಶ 2.4 ಕೆಜಿ, ಪ್ರೋಟೀನು ಸುಮಾರು 215 ಗ್ರಾಂ. ರಾಗಿ ಹುಲ್ಲು 2 ಕೆಜಿಗೆ ಪ್ರೋಟೀನು 60 ಗ್ರಾಂ ಚಿಲ್ಲರೆ. 20 ಭಾಗ ಪ್ರೋಟೀನಿನ ಪಶು ಆಹಾರ 2 ಕೆಜಿಗೆ 400 ಗ್ರಾಂ. ಒಟ್ಟು 675ರ ಆಸುಪಾಸು. ದಿನಕ್ಕೆ 500-600 ಗ್ರಾಂ ಮೈ ಕಟ್ಟಲು ಇಷ್ಟು ಸಾಕು. ಅಲಸಂದೆ ಅಥವಾ ಕುದುರೆ ಮೆಂತ್ಯ ಇದ್ದರೆ ದಿನಕ್ಕೆ ನಾಲ್ಕೈದು ಕೆಜಿ ಹಾಕಿ, ಪಶು ಆಹಾರ ಅರ್ಧ ಕೆಜಿ ಇಳಿಸಬಹುದು.

ಈಗ ಹಾಕ್ತಿರೋದನ್ನು ನೋಡಿ. ರಾಗಿ ಹುಲ್ಲು ಹೊಟ್ಟೆ ತುಂಬಿಸುತ್ತೆ, ಮೈ ಕಟ್ಟಲ್ಲ. ನೇಪಿಯರ್ ಆಳೆತ್ತರ ದಾಟಿ ದಂಟು ಬಲಿತ ಮೇಲೆ ಕೊಯ್ದರೂ ಅದೇ ಕಥೆ. 45ರಿಂದ 50 ದಿನಕ್ಕೆ ಕೊಯ್ಯಿರಿ.

ಹೊಸ ಫೀಡನ್ನು ಒಂದೇ ದಿನ 2 ಕೆಜಿಗೆ ಏರಿಸಬೇಡಿ. ಮೂರು ದಿನಕ್ಕೆ ಕಾಲು ಕೆಜಿಯಂತೆ ಹೆಚ್ಚಿಸಿ, ಎರಡು ಹೊತ್ತಿಗೆ ಹಂಚಿ. ಇಲ್ಲಾಂದ್ರೆ ಹೊಟ್ಟೆ ಹುಳಿಯಾಗಿ ಮೇವು ಬಿಡುತ್ತೆ.

ದಿನಕ್ಕೆ 600 ಗ್ರಾಂ ಬೆಳೆದರೆ 250ಕ್ಕೆ ಇರೋ 39 ಕೆಜಿ ಕೊರತೆ 65 ದಿನಕ್ಕೆ ತುಂಬುತ್ತೆ. ಎರಡು ತಿಂಗಳು ಚಿಲ್ಲರೆ, ಅಷ್ಟೆ.

ಗೊಂತು_ಚಿಂತಾಮಣಿ
ಖನಿಜ ಮಿಶ್ರಣದ ಮಾತು ಯಾರೂ ಎತ್ತಿಲ್ಲ. ಒಣ ಹುಲ್ಲಿನಲ್ಲಿ ರಂಜಕ (ಫಾಸ್ಫರಸ್) ಬಹಳ ಕಡಿಮೆ. ರಂಜಕ, ತಾಮ್ರ, ಸತು, ಅಯೋಡಿನ್ ಕೊರತೆ ಇದ್ದರೆ ಮೈ ಬಂದರೂ ಬೆದೆ ತಡವಾಗುತ್ತೆ. ಕಡಸಿಗೆ ದಿನಕ್ಕೆ 25-30 ಗ್ರಾಂ, ಬೂಸಾದಲ್ಲಿ ಕಲಸಿ. ನೀರಿಗೆ ಹಾಕಿದರೆ ತಳದಲ್ಲಿ ಕೂರುತ್ತೆ. ಬೆಂಗಳೂರಿನ ಆಡುಗೋಡಿಯಲ್ಲಿರೋ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯವರು ಆಯಾ ಪ್ರದೇಶದ ಮಣ್ಣು-ಮೇವಿನ ಕೊರತೆಗೆ ತಕ್ಕ ಮಿಶ್ರಣದ ಮೇಲೆ ಕೆಲಸ ಮಾಡಿದ್ದಾರೆ. ಅಂಥದ್ದು ಸಿಕ್ಕರೆ ಅದೇ ಒಳ್ಳೇದು. ತೌಡು, ಗೋಧಿ ಬೂಸಾದಲ್ಲಿ ರಂಜಕ ಚೆನ್ನಾಗಿದೆ, ಸುಣ್ಣ (ಕ್ಯಾಲ್ಸಿಯಂ) ಕಡಿಮೆ. ಭತ್ತದ ಹುಲ್ಲಿನ ಆಕ್ಸಲೇಟು ಇರೋ ಸುಣ್ಣವನ್ನೂ ಕಟ್ಟಿಹಾಕುತ್ತೆ. ಬರೀ ಭತ್ತದ ಹುಲ್ಲು, ತೌಡು ಹಾಕೋ ಕಡೆ ಖನಿಜ ಮಿಶ್ರಣ ಬಿಡಲೇಬಾರದು.

ಇನ್ನೊಂದು, ಜಂತು. ಗದ್ದೆ ಬಯಲಿನ ಹುಲ್ಲು ತಿನ್ನೋ ಕಡಸಿಗೆ ಯಕೃತ್ತಿನ ಚಪ್ಪಟೆ ಹುಳ ಇರಬಹುದು. ಸಾಮಾನ್ಯವಾಗಿ ಕೊಡೋ ಫೆನ್‌ಬೆಂಡಜೋಲ್ ಮಾತ್ರೆ ದುಂಡು ಹುಳಕ್ಕೆ ಸರಿ, ಚಪ್ಪಟೆ ಹುಳಕ್ಕೆ ಸಾಲಲ್ಲ. ಸಗಣಿ ಪರೀಕ್ಷೆ ಮಾಡಿಸಿ, ಯಾವ ಹುಳವೋ ಅದಕ್ಕೆ ತಕ್ಕ ಔಷಧಿ ಹಾಕಿಸಿ. ಉಣ್ಣೆ ಕಾಟ ಇದ್ದರೆ ರಕ್ತ ಪರೀಕ್ಷೆಯೂ ಆಗಲಿ. ಉಣ್ಣೆಯಿಂದ ಹರಡೋ ಥೈಲೇರಿಯಾ ಅನ್ನೋ ರಕ್ತದ ಪರೋಪಜೀವಿ ಒಳಗೇ ಕೂತು ರಕ್ತ ಕಡಿಮೆ ಮಾಡ್ತಿದ್ದರೆ ಎಷ್ಟು ಫೀಡ್ ಹಾಕಿದರೂ ಮೈ ಹತ್ತಲ್ಲ.

ಹೈನು_ಹಾಸನ
ಹಾಗಾದರೆ ಕರುವಿಗೆ ಮೊದಲಿಂದಲೇ ಬೇಕಾದಷ್ಟು ಫೀಡ್ ಸುರಿದು 10 ತಿಂಗಳಿಗೇ ಬೆದೆಗೆ ತರಬಹುದಲ್ಲ?

ಪಶುವೈದ್ಯೆ_ಮಂಡ್ಯ
ತರಬಹುದು, ಆದರೆ ಕೆಚ್ಚಲು ಹಾಳಾಗುತ್ತೆ. 3ನೇ ತಿಂಗಳಿಂದ 9-10ನೇ ತಿಂಗಳವರೆಗೆ ಕೆಚ್ಚಲಿನೊಳಗಿನ ಹಾಲಿನ ಅಂಗಾಂಶ ಮೈಗಿಂತ ಜೋರಾಗಿ ಬೆಳೆಯುತ್ತೆ. ಆ ಹೊತ್ತಿನಲ್ಲಿ ದೊಡ್ಡ ತಳಿಯ ಕರುವನ್ನು ದಿನಕ್ಕೆ 900 ಗ್ರಾಂ ಮೀರಿ ಬೆಳೆಸಿದರೆ ಬೆದೆ ಬೇಗ ಬರುತ್ತೆ, ಆ ಅಂಗಾಂಶಕ್ಕೆ ಬೆಳೆಯಲು ಸಿಗೋ ದಿನಗಳೇ ಕಮ್ಮಿಯಾಗುತ್ತವೆ, ಜಾಗವನ್ನು ಕೊಬ್ಬು ತುಂಬುತ್ತೆ. ನಮ್ಮ ಮಧ್ಯಮ ಗಾತ್ರದ ಕ್ರಾಸ್ ಕಡಸಿಗೆ 500-600 ಗ್ರಾಂ ಹದ. ಬೆನ್ನೆಲುಬು ಎದ್ದು ಕಾಣಬಾರದು, ಬಾಲದ ಬುಡದಲ್ಲಿ ಕೊಬ್ಬಿನ ಗಂಟೂ ಇರಬಾರದು.

ಮೈ ಬೆಳೆಸೋ ಕಾಲ ಯಾವುದು ಅಂದರೆ ಮೊದಲ ಮೂರು ತಿಂಗಳು. ಗಿಣ್ಣು ಹಾಲು ಹುಟ್ಟಿದ ಎರಡು ತಾಸಿನೊಳಗೆ, ದಿನದ ಲೆಕ್ಕ ಮೈತೂಕದ ಹತ್ತನೇ ಒಂದು ಭಾಗ. ಹಾಲು ಡೇರಿಗೆ ಹಾಕೋ ಆಸೆಗೆ ಹೆಣ್ಣುಗರುವನ್ನು ಅರೆಹೊಟ್ಟೆ ಇಡೋ ಮನೆಯಲ್ಲಿ ಎರಡು ವರ್ಷ ಆದ ಮೇಲೆ ಈ ಪ್ರಶ್ನೆ ಎದ್ದೇ ಏಳುತ್ತೆ.

ನಾಟಿ_ತಳಿ
ತಳಿ ಮರೀಬೇಡಿ. ಹಳ್ಳಿಕಾರ್, ಅಮೃತಮಹಲ್ ಕಡಸನ್ನು ಎಚ್‌ಎಫ್ ಲೆಕ್ಕದಲ್ಲಿ ತೂಗಿ "ತಡ" ಅನ್ನೋದು ಅನ್ಯಾಯ. ಭುಜದ ಮೇಲೆ ಇಣಿ ಇರೋ ನಮ್ಮ ದೇಸಿ ದನ ಪಾಶ್ಚಾತ್ಯ ತಳಿಗಿಂತ ನಿಧಾನವಾಗೇ ಪ್ರಾಯಕ್ಕೆ ಬರೋದು. ಚೆನ್ನಾಗಿ ಸಾಕಿದರೂ ಮೊದಲ ಕರು ಹಾಕುವಾಗ ಮೂರೂವರೆ ವರ್ಷ ದಾಟಿರೋದು ಸಾಮಾನ್ಯ. ಎರಡು ಜಾತಿ ಬೆರೆತ ಮೊದಲ ಪೀಳಿಗೆ ಬೇಗ ಬರುತ್ತೆ, ಅದು ಮಿಶ್ರಣದ ಲಾಭ.

ಹೋರಿ ಆರಿಸುವಾಗ ಒಂದು ಗುರುತು ಇದೆ. ಬೀಜದ ಚೀಲದ ಸುತ್ತಳತೆ ವಯಸ್ಸಿಗೆ ತಕ್ಕ ಹಾಗೆ ದೊಡ್ಡದಿರೋ ಹೋರಿಯ ಹೆಣ್ಣುಗರುಗಳೂ ಬೇಗ ಪ್ರಾಯಕ್ಕೆ ಬರೋ ಒಲವು ತೋರಿಸುತ್ತವೆ. ಹೋರಿಗರುವೇ ಪ್ರಾಯಕ್ಕೆ ಬರೋದು ಸುತ್ತಳತೆ 28 ಸೆಂಟಿಮೀಟರ್ ಆಸುಪಾಸಿಗೆ. ವಯಸ್ಸಿಗಿಂತ ಆ ಅಳತೆ ನಂಬಬಹುದು.

ಗೊಂತು_ಚಿಂತಾಮಣಿ
ಹೋರಿಗರುಗೆ ಹತ್ತಿಕಾಳು ಹಿಂಡಿ ಜಾಸ್ತಿ ಹಾಕೋರು ಗಮನಿಸಿ. ಅದರ ಗಾಸಿಪಾಲ್ ವೀರ್ಯಾಣು ಕೆಡಿಸುತ್ತೆ. ಮೆಲುಕು ಚೀಲ ಬಲಿಯದ ಎಳೆಗರುವಿಗಂತೂ ಬೇಡವೇ ಬೇಡ.

ಎಮ್ಮಿ_ಧಾರವಾಡ
ಆಕಳದ್ದ ಆತು, ಎಮ್ಮೀದೂ ಸ್ವಲ್ಪ ಹೇಳ್ತೀನ್ರಿ. ಎಮ್ಮಿ ಮಣಕ ಎರಡೂವರಿ, ಮೂರು ವರ್ಷ ಆದ್ರೂ ಬೆದಿಗೆ ಬಂದಿಲ್ಲ ಅಂತಾರ. ಅರ್ಧ ಮಂದಿ ಮನ್ಯಾಗ ಅದು ಬಂದು ಹೋಗಿರ್ತೈತಿ, ಕಂಡಿರಂಗಿಲ್ಲ. ಆಕಳದಂಗ ಒಂದರ ಮ್ಯಾಲೊಂದು ಹತ್ತೋದು ಎಮ್ಮ್ಯಾಗ ಕಡಿಮಿ. ಲೋಳಿನೂ ಕಡಿಮಿ, ಹಗ್ಗದಂಗ ಜೋತು ಬೀಳಂಗಿಲ್ಲ. ಒಳಗ ಕೂಡಿರ್ತೈತಿ, ಮಲಗಿದಾಗ ಹೊರಗ ಬರ್ತೈತಿ. ಬೆಳಗು ಮುಂಜಾನೆ ಮಲಗಿದ ಜಾಗದಾಗ ನೋಡ್ರಿ. ಘಳಿಗಿಗೊಮ್ಮಿ ಉಚ್ಚಿ ಹೊಯ್ಯೂದು, ಒದರೂದು, ಬಾಲ ಎತ್ತೂದು, ಯೋನಿ ತುಟಿ ಬಾತಿರೂದು, ಇವ ಗುರುತು. ಜಾಸ್ತಿ ರಾತ್ರಿ ಇಲ್ಲಾ ನಸುಕಿನ್ಯಾಗ.

ಬ್ಯಾಸಗಿ ಬಿಸಲಿಗೆ ಎಮ್ಮಿ ಬೆದಿ ಅಡಗಿ ಹೋಗ್ತೈತಿ. ಕರಿ ಚರ್ಮ, ಬೆವರು ಗ್ರಂಥಿ ಕಡಿಮಿ, ಮೈ ಕಾಯ್ತೈತಿ. ಕೆರಿ ಇದ್ರ ಹೊಂಡದಾಗ ಬಿಡ್ರಿ, ಇಲ್ಲಂದ್ರ ಮಧ್ಯಾಹ್ನ ಎರಡು ಸಲ ಮೈ ತೊಯ್ಯಂಗ ನೀರು ಹೊಡೀರಿ, ನೆರಳು ಮಾಡ್ರಿ. ಮುರ್ರಾ ಮಣಕಕ್ಕ 300 ಕೆಜಿ ದಾಟಿದ ಮ್ಯಾಲ ಸೆಮೆನ್ ಕೊಡಸ್ರಿ. ನಮ್ಮ ಧಾರವಾಡಿ ಎಮ್ಮಿ ಮೈ ಸಣ್ಣದು, ಅದಕ್ಕ ಅದರ ತಾಯಿ ತೂಕದ ಲೆಕ್ಕ ಹಿಡೀರಿ.

ಪಶುವೈದ್ಯೆ_ಮಂಡ್ಯ
ಚೆನ್ನಾಗಿ ಹೇಳಿದ್ರಿ ಅಣ್ಣ. ಕಡಸಿನಲ್ಲೂ ಮೊದಲ ಸಲ ಗುಳ್ಳೆ ಒಡೆದಾಗ ಬಹಳ ಸಲ ಬೆದೆ ಹೊರಗೆ ಕಾಣಲ್ಲ. ಬೆದೆಯ ವರ್ತನೆ ತೋರಿಸಲು ಮಿದುಳಿಗೆ ಮೊದಲು ಪ್ರೊಜೆಸ್ಟರಾನ್ ಹಾರ್ಮೋನು ತಾಕಿರಬೇಕು. ಮೊದಲ ಚಕ್ರ 8-10 ದಿನಕ್ಕೇ ಮುಗಿದು, ಎರಡನೇ ಸಲಕ್ಕೆ ಲಕ್ಷಣ ಕಾಣಿಸುತ್ತೆ. ಆಮೇಲೆ 20-21 ದಿನಕ್ಕೊಮ್ಮೆ.

ಕೋಳಿ_ದಾವಣಗೆರೆ
ಕೋಳಿಯಲ್ಲಿ ತೂಕದ ಜೊತೆಗೆ ಬೆಳಕೂ ಯಜಮಾನ. ಬೆಳಕು ಕಣ್ಣಿಂದಲೇ ಹೋಗಬೇಕೆಂದಿಲ್ಲ, ತಲೆಬುರುಡೆ ದಾಟಿ ನೇರ ಮಿದುಳಿನೊಳಗಿನ ಗ್ರಾಹಕಕ್ಕೆ ತಾಗುತ್ತೆ. ಕೆಂಪು ಬೆಳಕು ಹೆಚ್ಚು ಒಳಗಿಳಿಯುತ್ತೆ.

ಮೊಟ್ಟೆ ಕೋಳಿಗೆ ನಿಯಮ ಎರಡೇ. ಬೆಳೆಯೋ ಕಾಲದಲ್ಲಿ ಹಗಲನ್ನು ಹೆಚ್ಚಿಸಬಾರದು, ಮೊಟ್ಟೆ ಇಡೋ ಕಾಲದಲ್ಲಿ ಇಳಿಸಬಾರದು. ಬೆಂಗಳೂರಿನ ಅಕ್ಷಾಂಶದಲ್ಲಿ ಡಿಸೆಂಬರ್ ಹಗಲು ಸುಮಾರು 11 ಗಂಟೆ 20 ನಿಮಿಷ, ಜೂನ್ ಹಗಲು 13 ಗಂಟೆಗೆ ಸ್ವಲ್ಪ ಕಡಿಮೆ. ಒಂದೂವರೆ ಗಂಟೆಯ ಈ ವ್ಯತ್ಯಾಸ ತೆರೆದ ಶೆಡ್‌ನಲ್ಲಿ ಸಾಕಷ್ಟಾಯ್ತು. ಜನವರಿಯಲ್ಲಿ ತಂದ ಮರಿ ಹಗಲು ಏರೋದನ್ನೇ ನೋಡ್ತಾ ಬೆಳೆದು ಅವಸರಕ್ಕೆ ಮೊಟ್ಟೆ ಶುರು ಮಾಡುತ್ತೆ. ಜುಲೈ ಮರಿ ತಡ ಮಾಡುತ್ತೆ. ಪರಿಹಾರ: ಜನವರಿ ಮರಿಗೆ ಬಲ್ಬು ಹಾಕಿ ಹಗಲನ್ನು 13 ಗಂಟೆಗೆ ನಿಲ್ಲಿಸಿ, 17 ವಾರದವರೆಗೂ ಕದಲಿಸಬೇಡಿ. ಆಮೇಲೆ ವಾರಕ್ಕೆ ಅರ್ಧ ಗಂಟೆಯಂತೆ 16 ಗಂಟೆಗೆ ಏರಿಸಿ.

ಏರಿಸೋ ಮುನ್ನ 100 ಕೋಳಿ ತೂಗಿ. ಸರಾಸರಿ ತೂಕ ತಳಿಯ ಕೈಪಿಡಿಗೆ ಹೊಂದಬೇಕು, 80 ಕೋಳಿಯಾದರೂ ಸರಾಸರಿಯ ಹತ್ತು ಭಾಗ ಆಚೀಚೆ ಒಳಗಿರಬೇಕು. ಸಣ್ಣ ಮೈಗೆ ಬೆಳಕು ಏರಿಸಿದರೆ ಮೊಟ್ಟೆ ಸಣ್ಣದು, ಗುದದ್ವಾರ ಹೊರಬರುತ್ತೆ, ಪಕ್ಕದ ಕೋಳಿ ಅದನ್ನು ಕುಕ್ಕುತ್ತೆ, ಆ ಕೋಳಿ ಸತ್ತ ಹಾಗೆಯೇ.

ಕುರಿಮಂದೆ_ಶಿರಾ
ಬೆಳಕಿನ ಆಟ ಕುರಿಯಲ್ಲೂ ಇದೆ, ಆದರೆ ತಣ್ಣನೆ ದೇಶದಲ್ಲಿ. ಅಲ್ಲಿ ಹಗಲು ಕುಗ್ಗುವಾಗ ಮಾತ್ರ ಬೆದೆ. ವಸಂತದಲ್ಲಿ ಹುಟ್ಟಿದ ಹೆಣ್ಣುಮರಿ ಆ ಚಳಿಗಾಲದೊಳಗೆ ತೂಕ ಮುಟ್ಟದಿದ್ದರೆ ಮತ್ತೆ ಒಂದು ವರ್ಷ ಕಾಯಬೇಕು. ನಮ್ಮ ಬನ್ನೂರು, ಡೆಕ್ಕನಿ ಕುರಿಗೆ ಆ ಕಟ್ಟು ಇಲ್ಲ, ಮೇವೇ ಋತು. ದೊಡ್ಡ ಕುರಿ ತೂಕದ ಮೂರನೇ ಎರಡು ಭಾಗ ಆದ ಮೇಲೆ ಟಗರಿಗೆ ಬಿಡಿ.

ಮೇಕೆಯಲ್ಲಿ ತೊಂದರೆ ಉಲ್ಟಾ, ಪ್ರಾಯ ಅತಿ ಬೇಗ. ಮಂದೆಯಲ್ಲೇ ಬಿಟ್ಟ ಗಂಡುಮರಿ ನಾಲ್ಕೈದು ತಿಂಗಳಿಗೇ ಹತ್ತುತ್ತೆ. ಹಾಗೆ ಗಬ್ಬವಾದ ಮರಿ ಈಯುವಾಗ ಮರಿ ಸಿಕ್ಕಿಕೊಳ್ಳುತ್ತೆ, ಉಳಿದರೂ ಕುಳ್ಳಾಗುತ್ತೆ. ಮೂರು ತಿಂಗಳಿಗೇ ಗಂಡು ಬೇರೆ, ಹೆಣ್ಣು ಬೇರೆ ಮಾಡಿ.

ಹಂದಿ_ಸಾಕಣೆ
ಗಂಡಿನ ವಾಸನೆಯ ಪ್ರಭಾವ ನೋಡಬೇಕಾದರೆ ಹಂದಿ ನೋಡಿ. ಐದೂವರೆ ತಿಂಗಳ ಹೆಣ್ಣುಹಂದಿಗಳ ಹತ್ತಿರ 10 ತಿಂಗಳು ದಾಟಿದ ಗಂಡನ್ನು ದಿನಕ್ಕೆ 10-15 ನಿಮಿಷ, ಮೂತಿಗೆ ಮೂತಿ ತಾಗುವಂತೆ ಬಿಟ್ಟರೆ ಎರಡು ಮೂರು ವಾರದಲ್ಲಿ ಹಲವು ಬೆದೆಗೆ ಬರುತ್ತವೆ. ಕೆಲಸ ಮಾಡೋದು ಗಂಡಿನ ಜೊಲ್ಲಿನ ಫೆರೊಮೋನು. ಎಳೆ ಗಂಡಿನಲ್ಲಿ ಅದು ಸಾಲಲ್ಲ. ದಿನವಿಡೀ ಪಕ್ಕದಲ್ಲೇ ಕಟ್ಟಿದರೆ ರೂಢಿಯಾಗಿ ಬೆದೆ ಗುರುತು ಹಿಡಿಯೋದೇ ಕಷ್ಟ. ಇಲಿಯಲ್ಲಿ ಇದೇ ಪರಿಣಾಮವನ್ನು ಜಾನ್ ವ್ಯಾಂಡನ್‌ಬರ್ಗ್ 1960ರ ದಶಕದಲ್ಲಿ ತೋರಿಸಿದ್ದರು.

ಬೂಸ್ಟು ಹಿಡಿದ ಮೆಕ್ಕೆಜೋಳ ಹಾಕಬೇಡಿ. ಅದರ ಝಿಯರಲೆನೋನ್ ಈಸ್ಟ್ರೋಜನ್ ಥರ ವರ್ತಿಸಿ ಎಳೆ ಹೆಣ್ಣಿನ ಯೋನಿ ತುಟಿ ಬಾಯಿಸುತ್ತೆ. ಬೆದೆ ಅಂದುಕೊಂಡು ಮೋಸ ಹೋಗ್ತೀರಿ.

ಹೈನು_ಹಾಸನ
ಮತ್ತೆ ಕಡಸಿಗೆ ಬರೋಣ. "ಒಂದು ಇಂಜೆಕ್ಷನ್ ಹಾಕಿಸಿ, ಬೆದೆಗೆ ಬರುತ್ತೆ" ಅಂತಾರೆ. ಮೊಳಕೆ ಕಾಳು ತಿನ್ನಿಸಿ ಅಂತಲೂ ಹೇಳ್ತಾರೆ.

ಪಶುವೈದ್ಯೆ_ಮಂಡ್ಯ
ಮೊಳಕೆ ಕಾಳಿನಲ್ಲಿ ಕೆಟ್ಟದ್ದೇನಿಲ್ಲ. ಆದರೆ ದಿನಕ್ಕೆ ಒಂದು ಹಿಡಿ ಕಾಳು 39 ಕೆಜಿ ಕೊರತೆ ತುಂಬಲ್ಲ.

ಇಂಜೆಕ್ಷನ್ ಮೊದಲು ಕೈ ಹಾಕಿ ಪರೀಕ್ಷೆ ಆಗಬೇಕು, ಅದೂ 10-11 ದಿನ ಬಿಟ್ಟು ಎರಡು ಸಲ. ಎರಡು ಸಲವೂ ಅಂಡಾಶಯ ಸಣ್ಣದಾಗಿ, ನಯವಾಗಿ, ಗರ್ಭಕೋಶ ಬಹಳ ತೆಳ್ಳಗೆ ಸಿಕ್ಕರೆ ಪ್ರಾಯವೇ ಬಂದಿಲ್ಲ, ಮೇವು ಹಾಕಿ. ಒಂದು ಸಲವಾದರೂ ಹಳದಿ ಗಂಟು, ಅಂದರೆ ಕಾರ್ಪಸ್ ಲೂಟಿಯಂ, ಕೈಗೆ ಸಿಕ್ಕರೆ ಕಡಸು ಚಕ್ರಕ್ಕೆ ಬಂದಿದೆ, ಬೆದೆ ನೋಡೋದು ನಿಮ್ಮಿಂದ ತಪ್ಪಿದೆ.

ಬೆದೆಗೆ ಹಾಕೋ ಪ್ರೋಸ್ಟಗ್ಲಾಂಡಿನ್ ಇಂಜೆಕ್ಷನ್ ಕೆಲಸ ಮಾಡೋದು ಆ ಹಳದಿ ಗಂಟಿನ ಮೇಲೆ. ಗಂಟಿಲ್ಲದ ಕಡಸಿಗೆ ಹಾಕಿದರೆ ದುಡ್ಡು ದಂಡ. ಗೊತ್ತಿಲ್ಲದೆ ಗಬ್ಬವಾಗಿದ್ದರೆ ಕಂದು ಹಾಕುತ್ತೆ. ಪ್ರೊಜೆಸ್ಟರಾನ್ ಸಾಧನವನ್ನು ಯೋನಿಯೊಳಗೆ 7-9 ದಿನ ಇಟ್ಟು ತೆಗೆಯೋ ವಿಧಾನ ಪ್ರಾಯದ ಹೊಸ್ತಿಲಲ್ಲಿರೋ ಕಡಸನ್ನು ದಾಟಿಸುತ್ತೆ. ಹೊಸ್ತಿಲಿಂದ ದೂರ ಇರೋದನ್ನಲ್ಲ. ಒಮ್ಮೆ ಬೆದೆ ತೋರಿಸಿ ಮತ್ತೆ ಸುಮ್ಮನಾಗುತ್ತೆ.

ಮೈ ತುಂಬಿ, ತೂಕ 300 ದಾಟಿಯೂ ಬೆದೆ ಇಲ್ಲ ಅಂದರೆ ಹುಟ್ಟಿದ್ದು ಅವಳಿಯಾಗಿಯೇ ಅಂತ ಕೇಳ್ತೀನಿ. ಗಂಡುಗರುವಿನ ಜೊತೆ ಹುಟ್ಟಿದ ಹೆಣ್ಣುಗರುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಬಂಜೆ. ಎರಡೂ ಮಾಸುಗಳ ರಕ್ತನಾಳ ಕೂಡಿ, ಗಂಡಿನ ಹಾರ್ಮೋನು ಹೆಣ್ಣಿನ ಗರ್ಭಾಂಗವನ್ನು ಬೆಳೆಯಲು ಬಿಟ್ಟಿರಲ್ಲ. ತಿಂಗಳ ಕರುವಿನಲ್ಲೇ ಪತ್ತೆಯಾಗುತ್ತೆ. ತುದಿ ದುಂಡಗಿರೋ ಶುಚಿ ಮಾಡಿದ ನಳಿಗೆಗೆ ಜಾರುಪದಾರ್ಥ ಸವರಿ ಮೆಲ್ಲಗೆ ಯೋನಿಗೆ ತೂರಿಸಿದರೆ ಸಾಮಾನ್ಯ ಕರುವಿನಲ್ಲಿ 12-15 ಸೆಂಟಿಮೀಟರ್ ಹೋಗುತ್ತೆ, ಇದರಲ್ಲಿ 5-8ಕ್ಕೇ ನಿಲ್ಲುತ್ತೆ. ಜೊತೆಯ ಗಂಡು ಹೊಟ್ಟೆಯಲ್ಲೇ ಸತ್ತು ಕರಗಿದ್ದರೆ ಒಂಟಿಯಾಗಿ ಹುಟ್ಟಿದ್ದೂ ಹೀಗಿರಬಹುದು. ಇದಕ್ಕೆ ಮದ್ದಿಲ್ಲ. ಎರಡು ವರ್ಷ ಸಾಕಿ ನೋಯೋ ಬದಲು ಮೊದಲ ತಿಂಗಳೇ ತಿಳಿಯೋದು ಮೇಲು.

ಹೈನು_ಹಾಸನ
ಕೊನೆಯದಾಗಿ, ಫೀಡ್ ಹೆಚ್ಚಿಸಿ ಎರಡು ತಿಂಗಳಾಯ್ತು ಅಂದುಕೊಳ್ಳಿ. ಬೆದೆ ಕಾಣಲಿಲ್ಲ, ಆದರೆ ಒಂದು ದಿನ ಬಾಲದಲ್ಲಿ ರಕ್ತ ಅಂಟಿದೆ. ಏನರ್ಥ?

ಗೊಂತು_ಚಿಂತಾಮಣಿ
ಒಳ್ಳೇ ಸುದ್ದಿ! ಕಡಸಿನಲ್ಲಿ ಬೆದೆ ಮುಗಿದ ಒಂದರಿಂದ ಮೂರು ದಿನಕ್ಕೆ ಹಾಗೆ ರಕ್ತ ಬರೋದು ಸಹಜ. ಗಾಯ ಅಲ್ಲ. ಆ ಹೊತ್ತಿಗೆ ಸೆಮೆನ್ ಕೊಡಿಸಬೇಡಿ, ಕಾಲ ಮೀರಿದೆ. ಆ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಪಶುವೈದ್ಯೆ_ಮಂಡ್ಯ
ಅಲ್ಲಿಂದ 16ನೇ ದಿನಕ್ಕೆ ಶುರು ಮಾಡಿ, ಬೆಳಿಗ್ಗೆ ಐದೂವರೆ ಮತ್ತು ರಾತ್ರಿ ಮಲಗೋ ಮುಂಚೆ ಇಪ್ಪತ್ತು ನಿಮಿಷ ಕೊಟ್ಟಿಗೆಯಲ್ಲಿ ನಿಂತು ನೋಡಿ. 18-19ನೇ ದಿನದ ಸುಮಾರಿಗೆ ಗಾಜಿನಂಥ ತಿಳಿ ಲೋಳೆ ಕಾಣುತ್ತೆ. ಬೆಳಿಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಸೆಮೆನ್. ಅದಕ್ಕೂ ಮುಂಚೆ ಇನ್ನೊಮ್ಮೆ ಟೇಪು ಹಿಡಿಯಿರಿ. 250 ಮುಟ್ಟಿಲ್ಲದಿದ್ದರೆ ಆ ಬೆದೆ ಬಿಟ್ಟುಬಿಡಿ, 21 ದಿನಕ್ಕೆ ಮತ್ತೆ ಬರುತ್ತೆ.